ಹೊರಟ ನೌಕೆಯನ್ನು ‘ಎಲ್ಲಿಗೆ’ ಎಂದು ಕೇಳಕೂಡದ ಬಗ್ಗೆ

ಅಂತರಿಕ್ಷ ರಕ್ಷಣಾ ಕೆಡೆಟ್ ಅಕಾಡೆಮಿ
ಕೈಗಾರಿಕಾ ಪ್ರದೇಶ, ಮಾಚೇನಹಳ್ಳಿ, ಶಿವಮೊಗ್ಗ ಜಿಲ್ಲೆ

ಸಂಖ್ಯೆ: ಅಂರಕೆಅ/ಉಡಾವಣೆ/ಶಕುನ/7/1999-2000
ದಿನಾಂಕ: 16-11-1999

ಸುತ್ತೋಲೆ

ವಿಷಯ: ಚಂದ್ರಕಕ್ಷೆಗೆ ಹೊರಟ ಕೆಡೆಟ್‌ಗಳನ್ನು ‘ಎಲ್ಲಿಗೆ’ ಎಂದು ಕೇಳುವುದನ್ನು ನಿಷೇಧಿಸುವ ಕುರಿತು.

ಉಲ್ಲೇಖ: 1) ಮೆಸ್ ಅಡುಗೆಯವರಾದ ಶ್ರೀಮತಿ ಹಾಲಮ್ಮ ಅವರ ವಿವರಣೆ.
2) ಕೆಡೆಟ್ ಕು. ಇಂಪನಾ ಅವರ ವಿವರಣೆ.

ಕಳೆದ ತಿಂಗಳು ಕೆಡೆಟ್ ಇಂಪನಾ ನೌಕೆಯ ಏಣಿ ಹತ್ತುತ್ತಿದ್ದಾಗ ಹಾಲಮ್ಮ ಅವರು ‘ಎಲ್ಲಿಗೆ ಹೊರಟೆ ಮಗಾ?’ ಎಂದು ಕೇಳಿರುತ್ತಾರೆ. ಸದರಿ ಕೆಡೆಟ್ ಪದ್ಧತಿಯಂತೆ ಕೆಳಗಿಳಿದು, ಮೆಸ್‌ಗೆ ಹಿಂತಿರುಗಿ, ಕುಳಿತು, ನೀರು ಕುಡಿದು ಮತ್ತೆ ಹೊರಟಿದ್ದು, ಅಷ್ಟರಲ್ಲಿ ಉಡಾವಣೆಯ ಸಮಯ ಮೀರಿರುತ್ತದೆ. ಎರಡನೇ ಬಾರಿ ಮುನ್ನೆಚ್ಚರಿಕೆಯಾಗಿ ಹಾಲಮ್ಮ ಅವರನ್ನು ತರಕಾರಿ ತರಲು ಭದ್ರಾವತಿಗೆ ಕಳುಹಿಸಲಾಗಿತ್ತು. ಆದರೆ ಹೊಸದಾಗಿ ಕನ್ನಡ ಅಳವಡಿಸಲಾದ ನೌಕೆಯ ಕಂಪ್ಯೂಟರ್, ಗುಂಡಿ ಒತ್ತಿದೊಡನೆ ‘ಎಲ್ಲಿಗೆ?’ ಎಂದಿರುತ್ತದೆ. ಕೆಡೆಟ್ ಮತ್ತೆ ಇಳಿದಿರುತ್ತಾರೆ.

ಹಾಲಮ್ಮ ಅವರ ವಿವರಣೆ: ‘ಬೇಕಂತ ಕೇಳಿದ್ದಲ್ಲ ಸಾರ್. ಯಾರಾದ್ರೂ ಹೊರಟ್ರೆ ಬಾಯಿಗೆ ಬಂದ್ಬಿಡುತ್ತೆ. ಹುಡುಗಿ ಇಡ್ಲಿ ಬಿಟ್ಟು ಎದ್ದಿತ್ತು, ಅದಕ್ಕೇ ಕೇಳ್ದೆ.’

ಕೆಡೆಟ್ ಅವರ ವಿವರಣೆ: ‘ಚಂದ್ರನ ಹತ್ರ ಹೋಗೋಕೆ ನಂಗೇನೂ ಭಯ ಇಲ್ಲ ಸಾರ್. ಶಕುನ ಕೆಟ್ಟರೂ ಹೊರಟೆ ಅಂತ ಗೊತ್ತಾದ್ರೆ, ನಾನು ವಾಪಸ್ ಬರೋವರೆಗೂ ಅಮ್ಮ ನಿದ್ದೆ ಮಾಡಲ್ಲ.’

ಸದರಿ ಕೆಡೆಟ್‌ನ ವಯೋಮಿತಿ ಈ ತಿಂಗಳಿಗೆ ಮುಗಿಯುವುದರಿಂದ ಬರುವ ಸೋಮವಾರದ ಉಡಾವಣೆಯೇ ಕೊನೆಯ ಅವಕಾಶವಾಗಿರುತ್ತದೆ. ಅದೂ ತಪ್ಪಿದಲ್ಲಿ ಅವರನ್ನು ಉಗ್ರಾಣ ವಿಭಾಗಕ್ಕೆ ವರ್ಗಾಯಿಸಲಾಗುವುದು. ಉಗ್ರಾಣಕ್ಕೆ ಕಿಟಕಿ ಇರುವುದಿಲ್ಲ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಉಡಾವಣೆಯ ದಿನ ಆವರಣದಲ್ಲಿ ಯಾರೂ ಯಾರನ್ನೂ ‘ಎಲ್ಲಿಗೆ’ ಎಂದು ಕೇಳತಕ್ಕದ್ದಲ್ಲ. ಹುಬ್ಬು ಎತ್ತುವುದನ್ನೂ ಕೇಳಿದಂತೆಯೇ ಪರಿಗಣಿಸಲಾಗುವುದು.

2. ಕೇಳದೆ ಇರಲಾಗದವರು ‘ದೂರ ಹೊರಟ್ರಾ?’ ಎಂದು ಕೇಳಬಹುದು. ಚಂದ್ರನು ‘ದೂರ’ದ ವ್ಯಾಪ್ತಿಗೆ ಬರುತ್ತಾನೆ ಎಂದು ಸ್ಪಷ್ಟಪಡಿಸಲಾಗಿದೆ. ಭದ್ರಾವತಿ ಬರುವುದಿಲ್ಲ.

3. ಕೇಳುವ ಪ್ರಮೇಯವೇ ಬಾರದಂತೆ ಸಿಟಿ ಬಸ್ ಮಾದರಿಯಲ್ಲಿ ನೌಕೆಯ ಮುಂಭಾಗಕ್ಕೆ ಬೋರ್ಡ್ ಹಾಕಿಸಲಾಗಿದೆ. ಪೇಂಟರ್ ಹೂವಪ್ಪ ಅವರು ಅಭ್ಯಾಸಬಲದಿಂದ ‘ಚಂದ್ರ, ವಯಾ ಆಲ್ಕೊಳ ಸರ್ಕಲ್’ ಎಂದು ಬರೆದಿದ್ದು, ಅಳಿಸಲು ಸಮಯವಿಲ್ಲದ ಕಾರಣ ನೌಕೆಯನ್ನು ಅದೇ ಮಾರ್ಗವಾಗಿ ಹಾರಿಸತಕ್ಕದ್ದು. ನಡುವೆ ಸ್ಟಾಪ್ ಇರುವುದಿಲ್ಲ.

4. ಕಂಪ್ಯೂಟರ್ ಇನ್ನು ಮುಂದೆ ಬೋರ್ಡ್ ಓದಿಕೊಂಡು ಸುಮ್ಮನಿರತಕ್ಕದ್ದು. ಯಂತ್ರ ಕೇಳಿದರೂ ಅಪಶಕುನವೇ ಎಂಬ ಬಗ್ಗೆ ಕಾನೂನು ಸಲಹೆ ಕೋರಲಾಗಿದೆ. ಕಾನೂನು ವಿಭಾಗದವರು ‘ಯಾವ ಯಂತ್ರ?’ ಎಂದು ಕೇಳಿ ಕಡತ ಹಿಂತಿರುಗಿಸಿದ್ದಾರೆ.

5. ನಿಯಂತ್ರಣ ಕೊಠಡಿಯಲ್ಲಿ ಒಂಟಿ ಸೀನು ಸೀನಿದವರು ಎಣಿಕೆ ಮುಗಿಯುವುದರೊಳಗೆ ಎರಡನೆಯದನ್ನು ಸೀನತಕ್ಕದ್ದು. ಬಾರದಿದ್ದಲ್ಲಿ ಇಲಾಖೆಯ ವತಿಯಿಂದ ನಶ್ಯ ಒದಗಿಸಲಾಗುವುದು.

6. ಗುರುತ್ವಾಕರ್ಷಣೆ ದಾಟಿದ ನಂತರ ಯಾರಾದರೂ ರೇಡಿಯೋದಲ್ಲಿ ಕೇಳಿಬಿಟ್ಟಲ್ಲಿ, ಅಲ್ಲಿ ಕೂರಲು ಸಾಧ್ಯವಿಲ್ಲದ್ದರಿಂದ ಮಂಡಿ ಮಡಿಸಿದ್ದನ್ನೇ ಕುಳಿತಂತೆ ಭಾವಿಸಲಾಗುವುದು. ನೀರನ್ನು ಮಾತ್ರ ಕುಡಿಯಲೇಬೇಕು.

7. ಕೆಡೆಟ್ ಅವರ ಕೋರಿಕೆಯ ಮೇರೆಗೆ ಹಾಲಮ್ಮ ಅವರು ಏಣಿಯ ಬಳಿಯೇ ಹಾಜರಿರತಕ್ಕದ್ದು. ನೌಕೆ ಕಣ್ಮರೆಯಾಗುವವರೆಗೆ ಅವರ ಬಾಯಲ್ಲಿ ಕೋಡುಬಳೆ ಇರತಕ್ಕದ್ದು.

8. ಕೆಡೆಟ್ ‘ಹೋಗ್ತೀನಿ’ ಎನ್ನತಕ್ಕದ್ದಲ್ಲ. ‘ಹೋಗಿ ಬರ್ತೀನಿ’ ಎಂದು ಹೇಳುವವರೆಗೆ ಎಂಜಿನ್‌ಗೆ ಬೆಂಕಿ ಕೊಡಲಾಗುವುದಿಲ್ಲ. ಹೇಳಿದ ಮೇಲೆ ಬರುವುದು ಕಡ್ಡಾಯ. ಈ ನಿಯಮಕ್ಕೆ ಯಾವುದೇ ವಿನಾಯಿತಿ ಇರುವುದಿಲ್ಲ.

ಸಹಿ/-
(ಶಿವಶಂಕರಪ್ಪ)
ನಿರ್ದೇಶಕರು

ಪ್ರತಿಗಳು:
1. ಶ್ರೀಮತಿ ಹಾಲಮ್ಮ, ಮೆಸ್ ವಿಭಾಗ: ಕೋಡುಬಳೆ ಸಹಿತ.
2. ಶ್ರೀ ಹೂವಪ್ಪ, ಪೇಂಟರ್: ಬೋರ್ಡನ್ನು ಇನ್ನು ಮುಟ್ಟಬಾರದು.
3. ನೌಕೆಯ ಕಂಪ್ಯೂಟರ್: ಮನಸ್ಸಿನಲ್ಲೇ ಓದಿಕೊಳ್ಳಲು.
4. ಕೆಡೆಟ್ ಇಂಪನಾ: ಇಡ್ಲಿ ಪೂರ್ತಿ ತಿಂದು ಹೊರಡಲು.
5. ಶ್ರೀಮತಿ ನಂಜಮ್ಮ, ಕೆಡೆಟ್ ಇಂಪನಾ ಅವರ ತಾಯಿ, ಆಲ್ಕೊಳ: ಸೋಮವಾರ ಬೆಳಿಗ್ಗೆ ತಾರಸಿಗೆ ಬಂದು ನೋಡಲು. ಶಕುನ ಸರಿ ಇರುವುದನ್ನು ಇಲಾಖೆ ಖುದ್ದಾಗಿ ನೋಡಿಕೊಂಡಿದ್ದು, ಮಗಳು ಹೋಗಿ ಬರುವವರೆಗೆ ತಾವು ರಾತ್ರಿ ಹೊತ್ತು ನಿದ್ದೆ ಮಾಡತಕ್ಕದ್ದು.