ಗೋಡೆಗೊಂದು ಮುಖ

ಕ್ಯಾಮೆರಾ ಕೈಗೆ ಬಂದ ಮೇಲೆ ಮನುಷ್ಯನ ಮಾನ ಹೋಗುವುದು ನಿಲ್ಲುವುದಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ತೊಂಬತ್ತರ ದಶಕದಲ್ಲಿ ನನಗೆ ಆದದ್ದನ್ನಷ್ಟೇ ಬರೆಯುತ್ತೇನೆ. ಉದ್ದ ಮಾತು ನನಗೆ ಬರುವುದಿಲ್ಲ.

ನಾವು ನಾಲ್ಕು ಜನ. ನಾನು ಪಾಂಡವಪುರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಫಿಟ್ಟರ್. ಕೆ.ಆರ್. ಪೇಟೆಯಿಂದ ಒಬ್ಬರು ಸೈನ್ಸ್ ಮೇಷ್ಟ್ರು. ನಾಗಮಂಗಲದಿಂದ ದನದ ಡಾಕ್ಟರು. ಶ್ರೀರಂಗಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿದ್ದ ಸಾಬರು. ತಿಂಗಳ ಕೊನೆಯ ಭಾನುವಾರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಸೇರಿ, ತೆಗೆದ ಫೋಟೋಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನಿಯಮ ಒಂದೇ. ಹೊಗಳುವಂತಿಲ್ಲ. ಕಂಡ ತಪ್ಪನ್ನು ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯಬೇಕು.

ನನ್ನ ಫೋಟೋಗಳ ಬೆನ್ನಿನಲ್ಲಿ ಜಾಗ ಸಾಲುತ್ತಿರಲಿಲ್ಲ.

೧. ಬೆಟ್ಟ

ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ರಷ್ಯಾದ ಲೆನ್ಸ್ ಸಿಕ್ಕಿತು. ಉಂಗುರವನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವಂಥದ್ದು. ನನ್ನ ಕ್ಯಾಮೆರಾದ ಬಾಯಿಗೆ ಅದು ಕೂರುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಲೇತ್ ಮೇಲೆ ಒಂದು ಬಳೆ ಕಡೆದು ಎರಡನ್ನೂ ಕೂಡಿಸಿದೆ. ಕೂತಿತು. ನನಗೆ ಜಂಬ ಬಂತು.

ಕರೀಘಟ್ಟಕ್ಕೆ ಗುರಿಯಿಟ್ಟು ಒಂದು ರೋಲ್ ಮುಗಿಸಿದೆ. ಮೂವತ್ತಾರು ಫೋಟೋದಲ್ಲೂ ಬೆಟ್ಟ ಮಸುಕು. ಪಕ್ಕದ ಲಂಟಾನ ಗಿಡದ ಮುಳ್ಳು ಮಾತ್ರ ಚುಚ್ಚುವ ಹಾಗೆ ಸ್ಪಷ್ಟ.

ಮೇಷ್ಟ್ರು ಬಳೆಯನ್ನು ಅಳೆದರು. ಅರ್ಧ ಮಿಲಿಮೀಟರ್ ದಪ್ಪ ಹೆಚ್ಚಾಗಿತ್ತು.

"ಇಪ್ಪತ್ತಡಿ ಆಚೆಗೆ ಇರೋದು ಯಾವುದೂ ನಿನ್ನ ಲೆನ್ಸಿಗೆ ಕಾಣಲ್ಲ ಕಣಯ್ಯ" ಅಂದರು.

"ಬಳೆ ಸರಿಯಾಗೇ ಐತೆ" ಅಂದೆ. ಫಿಟ್ಟರ್ ಆದವನು ಇನ್ನೇನು ಹೇಳುತ್ತಾನೆ?

ಡಾಕ್ಟರು ಪೆನ್ಸಿಲ್ ತೆಗೆದುಕೊಂಡು ಬೆನ್ನಿಗೆ ಬರೆದರು: "ಬೆಟ್ಟವನ್ನು ಸ್ವಲ್ಪ ಹತ್ತಿರ ಕರೆಯುವುದು."

೨. ಮೊಳೆ

ಅದೇ ವರ್ಷ ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಮೈಸೂರಿನಲ್ಲಿ ಆಪರೇಷನ್. ಎರಡು ತಿಂಗಳು ಬಿಟ್ಟು ದಿನ ಕೊಟ್ಟರು. ಏನೂ ಹೇಳಲಾಗದು ಅಂದರು. ಬಸ್ಸಿಳಿದು ಮನೆಗೆ ಬಂದವಳೇ ಸುತ್ತಿಗೆ ಹುಡುಕಿ, ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದಳು.

"ಏನದು?" ಅಂದೆ.

"ನನ್ ಫೋಟೋಕೆ. ಒಂದು ತೆಗ್ದುಬುಡಿ. ಮುಖ ಕಾಣ್ಬೇಕು."

"ಈಗ್ಯಾಕೆ?"

"ನಮ್ಮಕ್ಕ ಸತ್ತಾಗ ಫೋಟೋ ಇರ್ನಿಲ್ಲ. ಮದುವೆ ಗ್ರೂಪಿಂದ ಕತ್ತರಿಸಿ ಹಾಕವ್ರೆ. ಪಕ್ಕದಲ್ಲಿ ನಿಂತಿದ್ದೋರ ಮೊಣಕೈಗೂ ಸೇರ್ಸಿ ಇವತ್ತಿಗೂ ಹಾರ ಹಾಕ್ತಾವ್ರೆ. ನಂಗೆ ಅಂಗಾಗ್ಬಾರ್ದು."

ನನ್ನ ಟ್ರಂಕ್ ತೆಗೆದು ನೋಡಿದೆ. ಅವಳ ಫೋಟೋಗೇನೂ ಬರವಿರಲಿಲ್ಲ. ಹೊಸ ಲೆನ್ಸ್ ಬಂದಾಗಲೆಲ್ಲ ಪರೀಕ್ಷೆಗೆ ಅವಳನ್ನೇ ನಿಲ್ಲಿಸಿ, ಕೈಗೆ ದಿನಪತ್ರಿಕೆ ಕೊಟ್ಟು, ಮುಂದಕ್ಕೆ ಚಾಚಿ ಹಿಡಿ ಅನ್ನುತ್ತಿದ್ದೆ. ಅಕ್ಷರ ಸ್ಪಷ್ಟ ಬಂದರೆ ಲೆನ್ಸ್ ಒಳ್ಳೆಯದು. ಅಕ್ಷರಕ್ಕೆ ಫೋಕಸ್ ಕೂತರೆ ಒಂದು ಮೊಳ ಹಿಂದಿರುವ ಮುಖ ಮಸುಕಾಗುತ್ತದೆ. ಇದು ನನಗೆ ಗೊತ್ತಿತ್ತು. ಮುಖ ನನಗೆ ಆಗ ಬೇಕಿರಲಿಲ್ಲ, ಅಷ್ಟೇ. ಹದಿನೈದು ವರ್ಷದ ಸುದ್ದಿಯನ್ನೆಲ್ಲ ಓದಬಹುದಾಗಿತ್ತು. ಅವಳು ಎಲ್ಲೂ ಇರಲಿಲ್ಲ.

ಕಬ್ಬಿನ ರೇಟಿನ ಸುದ್ದಿ ಎದ್ದು ಕಾಣುತ್ತಿದ್ದ ಒಂದರ ಬೆನ್ನಿನಲ್ಲಿ ಸಾಬರು ಯಾವಾಗಲೋ ಬರೆದಿದ್ದರು: "ಪೇಪರ್ ಹಿಂದೆ ಯಾರೋ ಅಡ್ಡ ಬಂದಿದ್ದಾರೆ."

ಅವಳು ಅದನ್ನು ಓದಿ ಹೇಳಿದಳು: "ಕಬ್ಬಿನ ರೇಟಿಗೆ ಹಾರ ಹಾಕ್ತೀರಾ?"

೩. ಎತ್ತಿನ ಹಲ್ಲು

ಪತ್ರಿಕೆ ಇಲ್ಲದೆ ಕೂರಿಸಿ ತೆಗೆದೆ. ಭಾನುವಾರ ಮೂವರೂ ಬೆನ್ನಿಗೆ ಒಂದೇ ಮಾತು ಬರೆದರು: "ಕೈ ಅಲ್ಲಾಡಿದೆ." ಮೂವತ್ತು ವರ್ಷ ಲೇತ್ ಹಿಡಿದ ಕೈ. ಯಾಕೆ ಎಂದು ಕೇಳಿದರು. ಹೇಳಿದೆ.

"ನಾನು ಬಂದು ತೆಗೀತೀನಿ" ಅಂದರು ಡಾಕ್ಟರು.

ಡಾಕ್ಟರ ಚಟವೇ ಬೇರೆ. ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸಿ ದನಕ್ಕೆ ಕಚ್ಚುವ ಉಣ್ಣೆ, ನೊಣ, ಎಮ್ಮೆಯ ರೆಪ್ಪೆ ತೆಗೆಯುವವರು. ಒಂದು ಗೇಣಿಗಿಂತ ದೂರದ ವಸ್ತುವಿನಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಮನೆಗೆ ಬಂದು ನನ್ನ ಹೆಂಡತಿಯ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, "ಹೋ... ಹೋ... ನಿಂತ್ಕೋ, ನಿಂತ್ಕೋ" ಅಂದರು. ಅಭ್ಯಾಸ ಬಲ.

"ಹಲ್ಲೂ ನೋಡ್ಬುಡಿ ಡಾಕ್ಟ್ರೇ, ವಯಸ್ಸು ಗೊತ್ತಾಯ್ತದೆ" ಅಂದಳು.

ಫೋಟೋ ಬಂತು. ಮೂಗುಬೊಟ್ಟು. ಅದರ ಏಳು ಹರಳಿನಲ್ಲಿ ಆರು ಸ್ಪಷ್ಟ. ಒಂದು ಹರಳು ಬಿದ್ದುಹೋಗಿದ್ದು ನಮಗೆ ಆಗಲೇ ಗೊತ್ತಾದದ್ದು. ಮೂಗಿನ ಆಚೆ ಈಚೆ ಏನೂ ಇರಲಿಲ್ಲ.

ಮೂರು ದಿನ ಮನೆಯವರೆಲ್ಲ ಹರಳು ಹುಡುಕಿದೆವು.

೪. ಸಾಬರ ಪೆನ್ಸಿಲ್

ಮುಂದಿನ ಸರದಿ ಸಾಬರದು. ಕೆಲಸ ಬಲ್ಲವರು ಅವರೊಬ್ಬರೇ. ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಕಪ್ಪು ಬಟ್ಟೆ. ಅವಳನ್ನು ಬಾಬುರಾಯನಕೊಪ್ಪಲಿನ ನಮ್ಮ ನೆಂಟರ ಮನೆಗೆ ಹೋಗುವ ದಾರಿಯಲ್ಲಿ ಸ್ಟುಡಿಯೋಗೆ ಕರೆದುಕೊಂಡು ಹೋದೆ.

"ಬೇಹೆನ್, ಉಸಿರು ಬಿಗಿ ಹಿಡೀರಿ. ಬಸ್. ಆಯ್ತು."

ಎಲ್ಲ ಸರಿಯಾಗಿತ್ತು. ಆದರೆ ಸಾಬರಿಗೆ ಒಂದು ರೂಢಿ. ಗಿರಾಕಿ ಯಾರೇ ಇರಲಿ, ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದಿ ಮುಖದ ಸುಕ್ಕೆಲ್ಲ ತೆಗೆಯುವುದು. ನಮ್ಮ ಮನೆಯ ಕಥೆ ಗೊತ್ತಿದ್ದದ್ದರಿಂದ ಒಂದು ರಾತ್ರಿಯ ಕೆಲಸವನ್ನು ಮೂರು ದಿನ ಮಾಡಿದ್ದರು. ಪ್ರೀತಿ ಹೆಚ್ಚಾಗಿತ್ತು. ಕೆನ್ನೆ ನುಣುಪು. ಕುತ್ತಿಗೆ ನುಣುಪು. ಕಣ್ಣ ಕೆಳಗಿನ ಕಪ್ಪು ಮಾಯ.

ಹೆಂಡತಿ ಬಹಳ ಹೊತ್ತು ನೋಡಿದಳು.

"ಯಾರಿವ್ಳು?"

"ನೀವೇ ಬೇಹೆನ್" ಅಂದರು ಸಾಬರು.

"ನಾನಲ್ಲ. ಇವ್ಳನ್ನ ಗೋಡೆಗೆ ಹಾಕುದ್ರೆ, ನಾನು ಹೋದ್ಮೇಲೆ ಇವ್ರು ಎರಡ್ನೇದು ಮಾಡ್ಕಂಡ್ರು ಅಂತಾರೆ ಜನ."

ಸಾಬರು ಫೋಟೋ ವಾಪಸ್ಸು ತೆಗೆದುಕೊಂಡು, ನಿಯಮದಂತೆ ತಾವೇ ಬೆನ್ನಿಗೆ ಬರೆದರು: "ಬೇರೆಯವರು."

೫. ಮೇಷ್ಟ್ರ ಟೇಪು

ಮೇಷ್ಟ್ರು ಕಣ್ಣನ್ನು ನಂಬುವವರಲ್ಲ. ಕ್ಯಾಮೆರಾದಿಂದ ಅವಳ ಕಣ್ಣಿನ ತನಕ ಟೇಪು ಹಿಡಿದು ಅಳೆದರು. ಏಳಡಿ ಎರಡಂಗುಲ. ಪುಸ್ತಕದಲ್ಲಿ ಬರೆದುಕೊಂಡರು. ಲೆನ್ಸಿನ ಮೇಲಿನ ಅಂಕಿಗೆ ಕೂರಿಸಿದರು. ಅವಳು ಉಸಿರಾಡಿದಾಗ ಮತ್ತೆ ಅಳೆದರು. ಒಂದು ಮಧ್ಯಾಹ್ನವೆಲ್ಲ ಮೂವತ್ತಾರು ಫೋಟೋ. ಅವಳಿಗೆ ಕೂತು ಕೂತು ಹೊಟ್ಟೆ ನೋವು ಬಂತು. ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ಕೂತೇ ಇದ್ದಳು.

ಸಂಜೆ ಕ್ಯಾಮೆರಾ ಬಿಚ್ಚಿದೆವು. ಒಳಗೆ ರೋಲ್ ಇರಲಿಲ್ಲ.

"ಅಳತೆ ಮಾತ್ರ ಕರೆಕ್ಟಾಗಿತ್ತು" ಅಂದರು ಮೇಷ್ಟ್ರು.

೬. ಕೊನೆಯದು

ಆಪರೇಷನ್ನಿಗೆ ಹೊರಡುವ ಹಿಂದಿನ ದಿನ. ನನ್ನ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋಗೆ ಜಾಗ ಉಳಿದಿತ್ತು. ಊರಿನಲ್ಲಿ ಹೊಸ ರೋಲ್ ಸಿಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಜಗುಲಿಯಲ್ಲಿ ಕೂರು ಅಂದೆ.

ಅವಳು ಕೂರಲಿಲ್ಲ. "ಇಷ್ಟು ವರ್ಷ ಅದರೊಳಗೆ ಏನು ನೋಡ್ತಿದ್ರಿ? ಕೊಡಿ ಇತ್ಲಾಗೆ" ಅಂದಳು.

ಕೊಟ್ಟೆ. ಕಣ್ಣಿಗೆ ಹಿಡಿದಳು. ಉಂಗುರ ತಿರುಗಿಸು ಎಂದು ಎದುರು ನಿಂತು ತೋರಿಸುತ್ತಿದ್ದೆ. ಅತ್ತ ತಿರುಗಿಸಿದಳು. ಇತ್ತ ತಿರುಗಿಸಿದಳು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಹುಡುಕುವಾಗಿನ ಮುಖ. ಆಮೇಲೆ ಟಕ್ ಅಂತು.

"ಏನ್ ಮಾಡ್ದೆ?"

"ನಿಮ್ ಕಿವಿ ಕೂದ್ಲು ಎಣಿಸೋ ಅಷ್ಟು ಕಾಣ್ತಿತ್ತು. ಒತ್ಬುಟ್ಟೆ."

ನಾನು ಕೂಗಾಡಿದೆ. ಕೊನೆಯದು ಅಂದೆ. ಇನ್ನು ಇಲ್ಲ ಅಂದೆ. ಅವಳು ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದಳು. ಬೆಳಗಿನ ಬಸ್ಸಿನಲ್ಲಿ ಮೈಸೂರಿನ ತನಕ ನಾವಿಬ್ಬರೂ ಮಾತಾಡಲಿಲ್ಲ. ಅದೊಂದು ಈಗಲೂ ಬೇಜಾರು.

ಎರಡು ದಿನ ಪರೀಕ್ಷೆ. ಮೂರನೇ ದಿನ ಆಪರೇಷನ್. ವರಾಂಡದ ಬೆಂಚಿನಲ್ಲಿ ಕೂತಿದ್ದೆ. ಮೂವರೂ ಬಂದರು. ಬರುವಾಗ ದಾರಿಯಲ್ಲಿ ಸ್ಟುಡಿಯೋಗೆ ಕೊಟ್ಟು ಬಂದಿದ್ದ ರೋಲನ್ನು ಅಷ್ಟರಲ್ಲಿ ಸಾಬರು ತೊಳೆದು ಪ್ರಿಂಟ್ ಹಾಕಿದ್ದರು. ಜೇಬಿನಿಂದ ಒಂದು ಫೋಟೋ ತೆಗೆದು ನನಗೆ ಕೊಟ್ಟರು. ಬಾಯಿ ತೆರೆದುಕೊಂಡು, ಕೈ ಎತ್ತಿಕೊಂಡು ನಾನು. ಕಿವಿ ಕೂದಲು ನಿಜವಾಗಿಯೂ ಎಣಿಸಬಹುದಾಗಿತ್ತು. ನಾನು ಕಡೆದ ಆ ಬಳೆಯಲ್ಲೇ, ಆ ಲೆನ್ಸಿನಲ್ಲೇ. ಕೈಯಿಂದ ಕೈಗೆ ದಾಟಿಸಿದೆವು. ಸಾಬರಿಗೆ ತಪ್ಪು ಸಿಗಲಿಲ್ಲ. ಮೇಷ್ಟ್ರಿಗೂ ಸಿಗಲಿಲ್ಲ. ಡಾಕ್ಟರು ಬಹಳ ಹೊತ್ತು ನೋಡಿ, ಪೆನ್ಸಿಲ್ ತೆಗೆದು ಬೆನ್ನಿಗೆ ಬರೆದರು: "ಫೋಕಸ್ ಸರಿ. ಬೆಳಕು ಸರಿ. ವಸ್ತು ಸರಿಯಿಲ್ಲ."

ನಗುವಾಗ ನರ್ಸ್ ಬಂದು ಬೈದಳು. ಬೈದು, ಒಳಗಿನವರು ಉಳಿದರು ಅಂದಳು.

೭. ಹೂವು

ಮೂರು ವಾರಕ್ಕೆ ಮನೆಗೆ ಬಂದಳು. ಮಂಚ ಹಿಡಿದಿದ್ದಳು. ಮಲಗಿದ್ದಲ್ಲಿಂದಲೇ ಆ ಮೊಳೆಯನ್ನು ನೋಡುತ್ತಿದ್ದಳು.

"ಕೀಳ್ಲಾ?" ಅಂದೆ.

"ಬ್ಯಾಡ. ಗೋಡೆ ಉದುರ್ತದೆ. ಖಾಲಿನೂ ಇರ್ಬಾರ್ದು. ಕಾಯ್ತಾ ಇರೋ ಅಂಗೆ ಕಾಣ್ತದೆ." ಸಾಬರಿಗೆ ಹೇಳಿ, ತಾನು ತೆಗೆದ ಫೋಟೋಗೆ ಕಟ್ಟು ಹಾಕಿಸಿ, ಅಲ್ಲಿ ನೇತು ಹಾಕಿಸಿದಳು.

ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದೆ. ಚಿನಕುರಳಿಯಿಂದ ಅವಳ ಸೋದರತ್ತೆ ಬಂದರು. ಹೂವೆಂದರೆ ಅವಳಿಗೆ ಇಷ್ಟವೆಂದು ಒಂದು ಮಾರು ಕನಕಾಂಬರ ತಂದಿದ್ದರು. ನಡುಮನೆಗೆ ಕಾಲಿಟ್ಟರು. ಮಂಚದಲ್ಲಿ ಇವಳು ನಿದ್ದೆ. ಗೋಡೆಯಲ್ಲಿ ನಾನು.

"ಅಯ್ಯೋ ನನ್ ಮಗ್ಳೇ! ನೀನು ಉಳ್ಕಂಡೆ, ಅವ್ನು ಹೊಂಟೋದ್ನಲ್ಲೇ!"

ಕೂಗು ಕೇಳಿ ಇವಳಿಗೆ ಏನೋ ಆಯಿತೆಂದು ಕೊಡಲಿ ಹಿಡಿದುಕೊಂಡೇ ಓಡಿ ಬಂದೆ. ಅಷ್ಟರಲ್ಲಿ ಅತ್ತೆ ಸ್ಟೂಲ್ ಹತ್ತಿ ಹೂವನ್ನು ಫೋಟೋಗೆ ಹಾಕಿ ಕೈಮುಗಿಯುತ್ತಿದ್ದರು. ತಿರುಗಿ ನನ್ನನ್ನು ನೋಡಿದರು. ಫೋಟೋ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಇದ್ದೀಯೇನ್ಲಾ?"

"ಇದ್ದೀನಿ."

"ಫೋಟೋದಲ್ಲೇ ಚೆನ್ನಾಗಿದ್ದೆ" ಎಂದು ಕಣ್ಣೊರೆಸಿಕೊಂಡು ಇಳಿದರು.

ಹೆಂಡತಿ ಎಚ್ಚರವಾಗಿದ್ದಳು. ಹೊಲಿಗೆಯ ಗಾಯ ಇನ್ನೂ ಮಾಯದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎರಡು ತಿಂಗಳು ನಾಲ್ಕು ಜನ ಹುಡುಕಿದ ಮುಖ ಅದು. ನನ್ನ ಕೈಯಲ್ಲಿ ಕೊಡಲಿ ಇತ್ತು, ಕ್ಯಾಮೆರಾ ಇರಲಿಲ್ಲ.

ಹೂವು ತೆಗೆಯಲು ಹೋದೆ.

"ಇರ್ಲಿ ಬುಡಿ" ಅಂದಳು. "ಅತ್ತೆ ಅಷ್ಟು ದೂರದಿಂದ ತಂದವ್ರೆ."

ಕನಕಾಂಬರ ಬೇಗ ಬಾಡುವುದಿಲ್ಲ. ಮೂರು ದಿನ ಇತ್ತು. ಮೂರು ದಿನವೂ ನಾನು ಅದರ ಕೆಳಗೇ ಕೂತು ಮುದ್ದೆ ಉಂಡೆ.