ಪುಸ್ತಕದ ಗುಡ್ಡ ಹುಡುಕಿಕೊಂಡು ಹೋದದ್ದು

ಅಚ್ಚಾದ ಮಾತನ್ನು ನಂಬುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಬಾಯಲ್ಲಿ ಹೇಳಿದ್ದಕ್ಕೆ ನೂರು ಅನುಮಾನ. ಅದೇ ಮಾತು ಕಾಗದದ ಮೇಲೆ, ಒಂದು ಮಸುಕು ಫೋಟೊ ಸಮೇತ ಬಂದರೆ ಕಣ್ಣಿಗೊತ್ತಿಕೊಂಡುಬಿಡುತ್ತೇನೆ. ಫೋನು ದಾರಿ ಹೇಳುವುದನ್ನು ಇನ್ನೂ ಕಲಿತಿರದ ಕಾಲ. ನಾವಿದ್ದ ಡೊಂಬಿವಲಿಯ ಸ್ಟೇಷನ್ನಿನ ಹೊರಗೆ ಹಳೆ ಪುಸ್ತಕ ಮಾರುವವನ ಹತ್ತಿರ ಸುತ್ತಮುತ್ತಲಿನ ಪ್ರವಾಸಿ ತಾಣಗಳದ್ದೊಂದು ಗೈಡು ಸಿಕ್ಕಿತು. ಮೊದಲ ಹಾಳೆ ಹರಿದುಹೋಗಿತ್ತು. ಅದು ಯಾವ ಕಾಲದಲ್ಲಿ ಅಚ್ಚಾದದ್ದೆಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ.

ಆಗಷ್ಟೇ ಧಾರವಾಡದಿಂದ ನಮ್ಮ ಮಾವ ಬಂದಿದ್ದರು, ಮಗಳನ್ನು ಕೊಟ್ಟ ಮೇಲೆ ಮೊದಲ ಸಲ. ಮೈಸೂರಿನವನಿಗೆ ಕೊಟ್ಟು ತಪ್ಪು ಮಾಡಿದೆನೋ ಎಂಬ ಗುಮಾನಿ ಅವರಿಗೆ ಇನ್ನೂ ಹೋಗಿರಲಿಲ್ಲ. ಆ ಗುಮಾನಿಯನ್ನು ಈ ಸಲ ತೊಡೆದುಹಾಕಲೇಬೇಕೆಂದು ನಾನು ಪಣ ತೊಟ್ಟಿದ್ದೆ. "ಅಳಿಯಂದ್ರ, ನೀವು ಕೆಲಸ ಮಾಡೋ ಜಾಗ ಒಂದು ತೋರಸ್ರಿ, ಸಾಕು. ಊರಾಗ ಮಂದಿ ಕೇಳ್ತಾರ" ಎಂದರು ಮಾವ. "ಅಲ್ಲೇನಿದೆ ಮಾವ, ಬರೀ ಗಾಜು, ಸಿಮೆಂಟು! ನಿಮ್ಮನ್ನ ಎಂಥಾ ಜಾಗಕ್ಕೆ ಕರ್ಕೊಂಡು ಹೋಗ್ತೀನಿ ನೋಡಿ" ಎಂದು ಗೈಡು ತೆರೆದೆ. ಹಸಿರು ಗುಡ್ಡ, ನೆತ್ತಿಯಲ್ಲಿ ದೇವಿಯ ಪುಟ್ಟ ಗುಡಿ, ತಪ್ಪಲಲ್ಲಿ ಕೆರೆ, ಹಕ್ಕಿಗಳ ದನಿ ಬಿಟ್ಟರೆ ಬೇರೆ ಸದ್ದಿಲ್ಲ. "ನೀವು ಆ ಕಡೆ ಒಮ್ಮೆರೆ ಹೋಗೀರೇನ್ರಿ?" ಎಂದಳು ನನ್ನ ಹೆಂಡತಿ ಗಿರಿಜಾ. "ಪುಸ್ತಕದಲ್ಲಿದೆ ಕಣೇ" ಎಂದೆ. ಅವಳು ಎದ್ದು ಒಳಗೆ ಹೋದಳು. ಆಗಲೇ ನಾನು ಹೆದರಬೇಕಿತ್ತು.

ಇಲ್ಲಿ ನನ್ನ ಕಂಪನಿ ಬಸ್ಸಿನ ವಿಷಯ ಹೇಳಬೇಕು. ಬೆಳಿಗ್ಗೆ ಹತ್ತುವುದು, ಸೀಟಿಗೆ ಬೆನ್ನು ತಾಗಿದೊಡನೆ ಬಾಯಿ ತೆರೆದು ನಿದ್ದೆ, ಆಫೀಸಿನ ಗೇಟಿನೊಳಗೆ ಬ್ರೇಕು ಹಾಕಿದಾಗ ಎಚ್ಚರ. ಸಂಜೆಯೂ ಅದೇ ಕಥೆ. ಬಸ್ಸಿನಲ್ಲಿ ಎಚ್ಚರವಿರುವವನು ಡ್ರೈವರ್ ಒಬ್ಬನೇ, ಅದೂ ನಮ್ಮ ನಂಬಿಕೆ. ಹಾಗಾಗಿ ಆಫೀಸು ಮಹಾಪೆಯಲ್ಲಿದೆ ಎಂದು ಗೊತ್ತಿತ್ತೇ ಹೊರತು ಮಹಾಪೆಗೆ ಹೇಗೆ ಹೋಗುವುದೆಂದು ಗೊತ್ತಿರಲಿಲ್ಲ.

ಭಾನುವಾರ ಬಾಡಿಗೆ ಕಾರಿನಲ್ಲಿ ಹೊರಟೆವು. ಮುಂದೆ ಗೈಡು ಹಿಡಿದ ನಾನು. ಹಿಂದೆ ಗಿರಿಜಾ, ಮತ್ತು ದೇವಿಗೆಂದು ತೆಂಗಿನಕಾಯಿ ಹಿಡಿದ ಮಾವ. ದಾರಿಯಲ್ಲಿ ಮೊದಲು ಒಂದು ಸಣ್ಣ ಕೆರೆ ಸಿಗುತ್ತದೆ ಎಂದಿತ್ತು ಪುಸ್ತಕ. "ಸಾಬ್, ತಾಲಾಬ್ ತೋ ನಹೀಂ ಹೈ, ಪೆಟ್ರೋಲ್ ಪಂಪ್ ಹೈ" ಎಂದ ಡ್ರೈವರ್. "ಕೆರೆ ಪಂಪಿನ ಹಿಂದಿರಬೇಕು" ಎಂದೆ ಮಾವನಿಗೆ. ಪುಸ್ತಕದ ಆಲದ ಮರವಿದ್ದಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದರು. ಅದಕ್ಕೂ ಒಂದು ಸಮಾಧಾನ ಹೇಳಿದೆ. ಪುಸ್ತಕ ಹೇಳಿದಂತೆ ಶಿಳ್‌ಫಾಟಾ ಎಂಬ ಕೂಡುರಸ್ತೆಯಲ್ಲಿ ತಿರುಗಿ, ಇಳಿಜಾರು ಇಳಿದು ಹೊರಳಿದರೆ ಕಾರು ಒಂದು ದೊಡ್ಡ ಗೇಟಿನ ಮುಂದೆ ನಿಂತಿತು. ಸೆಕ್ಯುರಿಟಿಯವನು ಓಡಿಬಂದು ನನಗೆ ಸಲ್ಯೂಟ್ ಹೊಡೆದ.

"ಸರ್, ಆಜ್ ಸಂಡೇ ಕೋ ಭೀ?"

ಅಯ್ಯೋ ದೇವರೇ! ಅದು ನನ್ನದೇ ಆಫೀಸು! ಅದೇ ಗಾಜು, ಅದೇ ಸಿಮೆಂಟು. "ಗುಡ್ಡ ಎಲ್ಲಿ? ಗುಡ್ಡ ಏನಾಯ್ತು?" ಎಂದು ಕಿರುಚಿದೆ. ಗೈಡಿನ ಫೋಟೊ ನೋಡಿ ಸೆಕ್ಯುರಿಟಿಯವನು ಕೈ ತೋರಿದ. ಪಾರ್ಕಿಂಗಿನಾಚೆ, ಜಲ್ಲಿಗಾಗಿ ಸೀಳಿ ಸೀಳಿ ಉಳಿದ ಒಂದು ಮೋಟು ಬಂಡೆ, ಅದರ ತುದಿಯಲ್ಲೊಂದು ಕೇಸರಿ ಬಾವುಟ. ವರ್ಷಗಟ್ಟಲೆ ಕ್ಯಾಂಟೀನಿನ ಕಿಟಕಿಯಿಂದ ಅದನ್ನು ನೋಡುತ್ತ ಚಹಾ ಕುಡಿದಿದ್ದೇನೆ, ಕಟ್ಟಡದವರು ಬಿಟ್ಟುಹೋದ ಕಲ್ಲುರಾಶಿ ಎಂದುಕೊಂಡು. ಇಡೀ ಗುಡ್ಡಕ್ಕೆ ಗುಡ್ಡವೇ ಮಾಯ! ನಾನು ಕುರ್ಚಿ ಹಾಕಿಕೊಂಡು ಕೂರುವುದು ತಪ್ಪಲಿನ ಆ ಕೆರೆಯ ಮೇಲೆಯೋ ಏನೋ!

"ದಿನಾ ಬರೋ ಹಾದಿನೂ ಗೊತ್ತಿಲ್ಲೇನ್ರಿ ನಿಮಗ?" ಎಂದಳು ಗಿರಿಜಾ. "ಬಸ್ಸಲ್ಲಿ ನಿದ್ದೆ ಬಂದುಬಿಡುತ್ತೆ ಕಣೇ" ಎಂದೆ. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಇಳಿದು, ತಲೆಯೆತ್ತಿ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು. "ಇದೇನ್ರಿ ನಿಮ್ಮ ಆಫೀಸು? ನಾ ಕೇಳಿದ್ರ ನೀವು ಬ್ಯಾಡ ಅಂದ್ರಿ. ದೇವಿ ಬಿಡ್ತಾಳೇನು? ಕರಕೊಂಡ ಬಂದ್ಲು ನೋಡ್ರಿ!" ಎಂದು ಬಾವುಟದ ಕಡೆ ಕೈಮುಗಿದು, ಗೇಟಿನ ಪಕ್ಕದ ಕಲ್ಲಿಗೇ ಕಾಯಿ ಒಡೆದರು. "ಅರೇ ವಾಹ್, ನಾರಿಯಲ್!" ಎಂದು ಕೈಯೊಡ್ಡಿದ ಸೆಕ್ಯುರಿಟಿಯವನಿಗೂ ಒಂದು ಹೋಳು ಸಿಕ್ಕಿತು. ಮಗಳ ಕಡೆ ತಿರುಗಿ, "ದಣದ ಮಲಗತಾರವಾ ಪಾಪ, ದುಡಿಯೋ ಮನಶ್ಯಾ" ಎಂದರು. ನನ್ನ ಮಾನ ಉಳಿಸಿದ್ದು ಗೈಡಲ್ಲ, ನನ್ನ ನಿದ್ದೆ.

ಸೋಮವಾರ ಛಲ ಹಿಡಿದು ಬಸ್ಸಿನ ಕಿಟಕಿ ಪಕ್ಕ ಕೂತೆ. ಇವತ್ತು ದಾರಿಯನ್ನೂ ಗುಡ್ಡವನ್ನೂ ಕಣ್ಣಾರೆ ನೋಡಿಯೇ ತೀರುತ್ತೇನೆಂದು ಗೈಡನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡೆ. ಪೆಟ್ರೋಲ್ ಪಂಪು ಬಂದದ್ದು ನೆನಪಿದೆ. ಆಮೇಲೆ ಬ್ರೇಕಿನ ಸದ್ದು. ಗೈಡು ಕಾಲಡಿ ಬಿದ್ದಿತ್ತು. ಬಾಯಿ ಒರೆಸಿಕೊಳ್ಳುತ್ತ ಇಳಿದರೆ ಸೆಕ್ಯುರಿಟಿಯವನು ಎದುರಿಗೇ ನಿಂತಿದ್ದ.

"ಸರ್, ಆಜ್ ನಾರಿಯಲ್ ನಹೀಂ?"