ಚಿಕ್ಕಪ್ಪನ ಕುದುರೆಗೊಂದು ಮೂಲೆ

ನಮ್ಮ ಚಿಕ್ಕಪ್ಪ ಕುದುರೆ ಸಾಕಿದ್ದರು ಎಂದರೆ ಮೈಸೂರಿನ ನನ್ನ ಅತ್ತೆಮನೆಯವರು ಇಂದಿಗೂ ನಂಬುವುದಿಲ್ಲ. ಆದರೆ ಅದರ ಮೇಲೆ ಅವರು ಒಂದು ದಿನವೂ ಕೂರಲಿಲ್ಲ ಎಂದರೆ ತಕ್ಷಣ ನಂಬುತ್ತಾರೆ! ಫೋಟೋ ನೋಡಿದವರು ಯಾರಾದರೂ ನಂಬಬೇಕಾದ ಮಾತೇ ಅದು. ನೂಲೆಳೆಯಂಥ ಮೈ, ಮೂವತ್ತು ವರ್ಷ ಕುಳಿಮಗ್ಗದಲ್ಲಿ ಕೂತು ಕೂತು ಮುಂದಕ್ಕೆ ಬಾಗಿದ ಬೆನ್ನು. ಸೈಕಲ್ಲಿನಿಂದ ಇಳಿಯುವುದಕ್ಕೂ ಗೋಡೆ ಹುಡುಕುತ್ತಿದ್ದ ಮನುಷ್ಯ.

ನಾವು ಕೊಯಮತ್ತೂರಿನವರು. ಉಕ್ಕಡಂ ಕೆರೆಗೆ ಅಷ್ಟು ದೂರವಲ್ಲದ ನೇಕಾರರ ಬೀದಿಯಲ್ಲಿ ನಮ್ಮ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಚಿಕ್ಕಪ್ಪನಿಗೆ ಅದು ಕೊನೆಯವರೆಗೂ ಬರಲಿಲ್ಲ. ಆ ಧೈರ್ಯದಿಂದಲೇ ಇದನ್ನೆಲ್ಲ ಬರೆಯುತ್ತಿದ್ದೇನೆ!

ಎಂಬತ್ತರ ದಶಕ ಅದು. ಆಟೋಗಳು ಬಂದು ಜಟಕಾದವರ ಹೊಟ್ಟೆಯ ಮೇಲೆ ಹೊಡೆದಿದ್ದವು. ನಮ್ಮ ಬೀದಿಗೆ ಬರುತ್ತಿದ್ದ ಜಟಕಾ ತಾತನೂ ಗಾಡಿ ಮಾರಿಬಿಟ್ಟರು. ಕುದುರೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಬಿಳಿ ಎಂದು ದಾಕ್ಷಿಣ್ಯಕ್ಕೆ ಹೇಳಬಹುದಾದ ಬಣ್ಣ, ಒಂದು ಹರಿದ ಕಿವಿ. ವಯಸ್ಸು ಕೇಳಿದರೆ ತಾತ ಮಾತು ಬದಲಿಸುತ್ತಿದ್ದರು. ಚಿಕ್ಕಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪ, ಆಗಷ್ಟೇ ಮಗ್ಗದಿಂದ ಇಳಿಸಿದ ಒಂದು ರೇಷ್ಮೆ ಸೀರೆಯನ್ನು ತಾತನ ಮೊಮ್ಮಗಳ ಮದುವೆಗೆಂದು ಕೊಟ್ಟು, ಬದಲಿಗೆ ಆ ಕುದುರೆಯನ್ನು ಹಗ್ಗ ಹಿಡಿದು ಮನೆಗೆ ತಂದರು.

"ಏನ್ಲಾ ಇದು?" ಅಂದಳು ಅಜ್ಜಿ, ಅವರ ಹೆತ್ತ ತಾಯಿ.

"ಕುದುರೆ, ಅವ್ವಾ."

"ಅದು ನನ್ಗೂ ತಿಳೀತದೆ. ಯಾತಕ್ಕೆ?"

"ಸುಮ್ನೆ ಇರ್ಲಿ ಅಂತ."

"ಸುಮ್ನೆ ಇರ್ಲಿ ಅಂತ ಜನ ಕೋಳಿ ತರ್ತಾರೆ, ಆಡು ತರ್ತಾರೆ. ಯಾರಾದ್ರೂ ಕುದುರೆ ತರ್ತಾರಾ?"

ನೇಕಾರರ ಬೀದಿಯಲ್ಲಿ ಕುದುರೆಗೆ ಜಾಗವೆಲ್ಲಿ? ಬೀದಿ ಇರುವುದೇ ಹಾಸಿಗೆ! ಮಲಗುವ ಹಾಸಿಗೆಗಲ್ಲ; ಮಗ್ಗದ ಉದ್ದೆಳೆಗಳ 'ಹಾಸು' ಇರುತ್ತದಲ್ಲ, ಅದಕ್ಕೆ. ಬೆಳಗಾದರೆ ಆ ನೂಲನ್ನು ಬೀದಿಯುದ್ದಕ್ಕೂ ಬಿಗಿದು, ಸಿಕ್ಕಾಗದಿರಲಿ ಎಂದು ಅಕ್ಕಿಯ ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ಬಾಚುತ್ತಿದ್ದರು. ಮೊದಲ ಬೆಳಿಗ್ಗೆಯೇ ನಮ್ಮ ಅತಿಥಿ ಹಗ್ಗ ಬಿಡಿಸಿಕೊಂಡು ಪಕ್ಕದ ಮನೆಯವರ ಗಂಜಿಯ ಗಡಿಗೆ ಖಾಲಿ ಮಾಡಿತು. ಸಾಲದ್ದಕ್ಕೆ ಎದುರು ಮನೆಯವರ ಹಾಸನ್ನೂ ನೆಕ್ಕಿತು. ಇಡೀ ಬೀದಿ ನಮ್ಮ ಬಾಗಿಲಿಗೆ ಬಂತು. ಕುದುರೆ ಇರಬೇಕು, ಇಲ್ಲ ನಾವಿರಬೇಕು!

ಅಂದೇ ಚಿಕ್ಕಪ್ಪ ಕೆರೆಯ ಆಚೆಗಿನ ಗೌಂಡರ ತೋಟಕ್ಕೆ ಹೋದರು. ಗೌಂಡರು ಗಾಡಿ ಓಟದ ಪಂದ್ಯಕ್ಕೆಂದು ನಾಲ್ಕು ಕುದುರೆ ಸಾಕಿದ್ದರು. ಲಾಯದ ಆಳು ಬಿಟ್ಟುಹೋಗಿದ್ದ.

"ನಾನು ವೇಲೆ ಸೆಯ್ಯರೇನುಂಗ," ಅಂದರು ಚಿಕ್ಕಪ್ಪ.

"ಸಂಬಳಂ?"

"ವೇಂಡಾಮುಂಗ. ಎನ್ ಕುದಿರೆಕ್ಕು ಒರು ಮೂಲೆ ಪೋದುಂ."

ಕೆಲಸ ನಾನು ಮಾಡುತ್ತೇನೆ, ಸಂಬಳ ಬೇಡ, ಕುದುರೆಗೊಂದು ಮೂಲೆ ಸಾಕು! ಗೌಂಡರು ಮೀಸೆ ತಿರುವಿಕೊಂಡು ಈ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದರಂತೆ. ಕೊನೆಗೆ ಒಪ್ಪಂದವಾಯಿತು. ಬೆಳಿಗ್ಗೆ ಐದರಿಂದ ಎಂಟರವರೆಗೆ ಚಿಕ್ಕಪ್ಪ ಲದ್ದಿ ಬಾಚಿ, ಅಂಗಳ ಗುಡಿಸಿ, ನೀರು ಸೇದಿ, ನಾಲ್ಕೂ ಕುದುರೆಗಳ ಮೈ ಉಜ್ಜಬೇಕು. ಅದಕ್ಕೆ ಪ್ರತಿಯಾಗಿ ಐದನೆಯದಕ್ಕೆ ಒಂದು ಮೂಲೆ, ಹುಲ್ಲು, ನೆನೆಸಿದ ಹುರುಳಿ.

"ರೇಷ್ಮೆ ಮುಟ್ಟೋ ಕೈಯಲ್ಲಿ ಲದ್ದಿ ಎತ್ತುತಾನೆ!" ಎಂದು ಅಜ್ಜಿ ಹಣೆ ಚಚ್ಚಿಕೊಂಡಳು.

ಚಿಕ್ಕಪ್ಪನ ನಿಯತ್ತು ಎಂಥದ್ದು ಅಂತೀರಿ? ಎಂಟು ಗಂಟೆಯವರೆಗೆ ತಮ್ಮ ಕುದುರೆಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದು ಮೂಲೆಯಿಂದ ಕೆನೆಯುತ್ತಿತ್ತು. ಇವರು ಬೆನ್ನು ತಿರುಗಿಸಿಕೊಂಡು, "ಇರು, ಇದು ಗೌಂಡರ ಹೊತ್ತು" ಎನ್ನುತ್ತಿದ್ದರು. ನಾಲ್ಕರ ಮೈ ಉಜ್ಜುವಾಗ ಐದನೆಯದಕ್ಕೂ ಒಂದು ಕೈ ಹಾಕಬಾರದೇ ಎಂದು ಗೌಂಡರೇ ಬೈದರೂ ಕೇಳಲಿಲ್ಲ. ಎಂಟು ಹೊಡೆದ ಮೇಲೆ ಕೈ ತೊಳೆದುಕೊಂಡು, ಮನೆಗೆ ಬಂದ ನೆಂಟರ ಹತ್ತಿರ ಹೋಗುವಂತೆ ಅದರ ಹತ್ತಿರ ಹೋಗುತ್ತಿದ್ದರು.

ಇಷ್ಟು ನಿಯತ್ತಿನ ಮನುಷ್ಯನೇ ಗೌಂಡರ ಮಾನ ಕಳೆದದ್ದು! ಪಂದ್ಯದ ದಿನ ಬಂತು. ಕುದುರೆಗಳ ಕತ್ತಿನ ಕೂದಲು ಗಾಳಿಗೆ ಸಿಕ್ಕಾಗುತ್ತದೆ, ಅಚ್ಚುಕಟ್ಟಾಗಿ ಬಾಚು ಎಂದಿದ್ದರು ಗೌಂಡರು. ಸಿಕ್ಕು ಎಂಬ ಮಾತು ಕೇಳಿದರೆ ನೇಕಾರ ಏನು ಮಾಡುತ್ತಾನೆ? ಚಿಕ್ಕಪ್ಪ ಮನೆಯಿಂದ ಹಾಸಿನ ಕುಂಚ ತಂದರು, ಒಂದು ಗಡಿಗೆ ಗಂಜಿ ಕಾಯಿಸಿದರು, ನಾಲ್ಕೂ ಕುದುರೆಗಳ ಕತ್ತಿನ ಕೂದಲಿಗೂ ಬಾಲಕ್ಕೂ ಹಚ್ಚಿ ಎಳೆ ಎಳೆಯಾಗಿ ಬಾಚಿದರು. ಬಿಸಿಲಿಗೆ ಒಣಗಿ ಒಂದೊಂದು ಕೂದಲೂ ತೆಂಗಿನ ಪೊರಕೆಯ ಕಡ್ಡಿಯಾಗಿ ನಿಂತಿತು. ಪಂದ್ಯದ ಬಯಲಿನಲ್ಲಿ ಒಂದಕ್ಕೆ ಇನ್ನೊಂದರ ರುಚಿ ಸಿಕ್ಕಿಬಿಟ್ಟಿತು. ಬಾವುಟ ಬೀಸಿ ಓಟ ಶುರುವಾದಾಗ ಬೇರೆಯವರ ಕುದುರೆಗಳು ಓಡಿದವು. ಗೌಂಡರ ಕುದುರೆಗಳು ಒಂದರ ಕುತ್ತಿಗೆ ಇನ್ನೊಂದು ನೆಕ್ಕುತ್ತ ನಿಂತವು!

"ಗಂಜಿ ಹಚ್ಚಿದ್ರೆ ನೂಲು ಸಿಕ್ಕಾಗೋದಿಲ್ಲ. ಕೂದಲು ಯಾಕೆ ಆಗ್ತದೆ?" ಎಂದು ಚಿಕ್ಕಪ್ಪ ಮನೆಯಲ್ಲಿ ನಮ್ಮನ್ನೇ ಕೇಳಿದರು.

ಗೌಂಡರು ನಗುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕಪ್ಪ ಶನಿವಾರದೊಳಗೆ ತಮ್ಮ ಕುದುರೆಯನ್ನು ಹೊಡೆದುಕೊಂಡು ಹೋಗಬೇಕು, ಇಲ್ಲವಾದರೆ ಇಟ್ಟಿಗೆ ಗೂಡಿನವರಿಗೆ ಕೊಟ್ಟುಬಿಡುತ್ತೇನೆ ಎಂದರು. ಇಟ್ಟಿಗೆ ಹೊರುವ ವಯಸ್ಸೇ ಅದಕ್ಕೆ? ಒಂದು ತಿಂಗಳೂ ಬದುಕುತ್ತಿರಲಿಲ್ಲ. ಚಿಕ್ಕಪ್ಪ ಊಟ ಬಿಟ್ಟರು. ನನ್ನ ನೆನಪಿನಲ್ಲಿ ಆ ಮಗ್ಗ ಹಗಲು ಹೊತ್ತು ಸುಮ್ಮನಿದ್ದದ್ದು ಎರಡೇ ಸಲ: ಚಿಕ್ಕಮ್ಮ ಹೋದಾಗ, ಮತ್ತೆ ಆ ವಾರ. ಸಾಯಂಕಾಲವೂ ಬಂದು ದುಡಿಯುತ್ತೇನೆ ಎಂದು ಗೌಂಡರ ಮುಂದೆ ಕೈ ಮುಗಿದರಂತೆ. ಅದರಲ್ಲೂ ಒಂದು ಷರತ್ತು, ಶುಕ್ರವಾರ ಮಾತ್ರ ಆಗದು!

"ಏನುಂಗ ಚೆಟ್ಟಿಯಾರೇ, ವೆಳ್ಳಿಕಿಳಮೆ ಎನ್ನ ವೇಲೆ?" ಶುಕ್ರವಾರ ಅಂಥ ಕೆಲಸವೇನು ಎಂದು ಗೌಂಡರು ಕೇಳಿದರೆ ಚಿಕ್ಕಪ್ಪ ಪೊರಕೆ ಹಿಡಿದು ಅಂಗಳ ಗುಡಿಸಲು ಹೋದರಂತೆ.

ಶುಕ್ರವಾರದ ವಿಷಯದಲ್ಲಿ ಅಜ್ಜಿಗೂ ಅನುಮಾನವಿತ್ತು. ಅಂದು ಮಧ್ಯಾಹ್ನ ಚಿಕ್ಕಪ್ಪ ಸ್ನಾನ ಮಾಡಿ, ಬಿಳಿ ಶರ್ಟು ತೊಟ್ಟು, ಕುದುರೆ ಹಿಡಿದು ಎಲ್ಲಿಗೋ ಹೋಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. "ಎಲ್ಲೋ ಇನ್ನೊಂದು ಕುಡುಂಬ ಐತೆ. ನೋಡ್ಕೊಂಡು ಬಾ" ಎಂದು ಅಜ್ಜಿ, ಬಿ.ಕಾಂ. ಓದುತ್ತಿದ್ದ ನನ್ನನ್ನು ಅವರ ಹಿಂದೆ ಅಟ್ಟಿದಳು. ನಾಚಿಕೆಯಾದರೂ ಹೋದೆ. ಆ ಶುಕ್ರವಾರ ಕಂಡದ್ದನ್ನು ಮರುದಿನ ಗೌಂಡರಿಗೂ ಹೇಳಿದೆ. ಅವರು ಎದ್ದು ಮೂಲೆಯ ಕುದುರೆಗೆ ಒಂದು ಹಿಡಿ ಹುರುಳಿ ಹಾಕಿದರು. ಆಮೇಲೆ, "ಕುದಿರೆ ಇಂಗೆಯೇ ಇರಕ್ಕಟ್ಟುಂ. ಕಂಜಿ ಮಟ್ಟುಂ ವೇಂಡಾಂ" ಅಂದರು. ಕುದುರೆ ಇಲ್ಲೇ ಇರಲಿ, ಗಂಜಿ ಮಾತ್ರ ಬೇಡ! ಅದು ಇನ್ನೂ ಮೂರು ವರ್ಷ ಅದೇ ಮೂಲೆಯಲ್ಲಿ ಬದುಕಿತು.

ನಾನು ಕಂಡದ್ದು ಇಷ್ಟು. ಚಿಕ್ಕಪ್ಪ ಕುದುರೆಯನ್ನು ನಡೆಸುತ್ತಿರಲಿಲ್ಲ. ಹಗ್ಗ ಸಡಿಲ ಬಿಟ್ಟು ಅದರ ಹಿಂದೆ ಹಿಂದೆ ಹೋಗುತ್ತಿದ್ದರು. ಅದು ಹೂವಿನವಳ ಮುಂದೆ ನಿಂತಿತು. ಅವಳು ಏನೂ ಕೇಳದೆ ಒಂದು ಮೊಳ ಮಲ್ಲಿಗೆ ಕೊಟ್ಟಳು. ಆರ್.ಎಸ್. ಪುರಂನಲ್ಲಿ ಒಂದು ಹಸಿರು ಗೇಟಿನ ಮುಂದೆ ನಿಂತಿತು. ಆಗ ನನಗೆ ತಿಳಿಯಿತು. ಚಿಕ್ಕಮ್ಮ ಪ್ರತಿ ಶುಕ್ರವಾರ ಸೀರೆಯ ಗಂಟು ಇಟ್ಟುಕೊಂಡು ಇದೇ ಕುದುರೆಯ ಜಟಕಾದಲ್ಲಿ ಮಾರಲು ಹೋಗುತ್ತಿದ್ದರು. ವಾಪಸು ಬರುವಾಗ ಅದು ಕೆರೆಯ ಏರಿಯ ಮೇಲೆ, ಮನೆಯೂ ಇಲ್ಲದ, ಅಂಗಡಿಯೂ ಇಲ್ಲದ ಒಂದು ಕಡೆ ನಿಂತುಬಿಟ್ಟಿತು. ಚಿಕ್ಕಪ್ಪ ಕಲ್ಲಿನ ಮೇಲೆ ಕೂತರು.

ಬಚ್ಚಿಟ್ಟುಕೊಳ್ಳಲಾಗದೆ ಹತ್ತಿರ ಹೋದೆ. ಅವರು ಬೈಯಲಿಲ್ಲ.

"ಮೂವತ್ತು ವರ್ಷ ನೆಯ್ದು ನೆಯ್ದು ಅವಳ ಕೈಗೆ ಕೊಟ್ಟೆ. ಎಲ್ಲಿ ಹೋಗ್ತಾಳೆ, ಎಲ್ಲಿ ನಿಲ್ತಾಳೆ, ಒಂದಿನ ಕೇಳ್ಲಿಲ್ಲ. ಇದಕ್ಕೆ ಎಲ್ಲಾ ಗೊತ್ತವ್ವಾ."

"ಇಲ್ಲಿ ಯಾಕೆ ನಿಲ್ತಿದ್ರು ಚಿಕ್ಕಪ್ಪಾ?"

"ತಾತನ್ನ ಕೇಳ್ದೆ. ಮಗ್ಗದ ಟಕಟಕ ಸತ್ತಂ ಇಲ್ಲಿಗೆ ಕೇಳೋದಿಲ್ಲ ಅಂತಿದ್ಲಂತೆ." ಅವರು ನಗಲು ನೋಡಿದರು. ಆಗಲಿಲ್ಲ.

ಅವರ ಪಕ್ಕದಲ್ಲಿ ಕಲ್ಲಿನ ಮೇಲೆ ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ಮಲ್ಲಿಗೆ ಇಟ್ಟಿದ್ದರು. ನಾನು ಕೆಳಗೆ ಕೂತೆ. ಮೂವರೂ ನೀರು ನೋಡಿದೆವು. ಈಗ ಚಿಕ್ಕಪ್ಪನೂ ಇಲ್ಲ. ಆ ಏರಿಯ ಮೇಲೆ ಇನ್ನೊಮ್ಮೆ ಅವರ ಜೊತೆ ಕೂರಬೇಕೆಂದು ಎಷ್ಟು ಶುಕ್ರವಾರ ಅನ್ನಿಸಿದೆಯೋ!

ಸ್ವಲ್ಪ ಹೊತ್ತಿಗೆ ಕುದುರೆ ತಾನಾಗಿ ಒಂದು ಹೆಜ್ಜೆ ಇಟ್ಟಿತು. ಚಿಕ್ಕಪ್ಪ ಪಂಚೆ ಕೊಡವಿಕೊಂಡರು.

"ಏಳವ್ವಾ," ಅಂದರು, "ನಿಮ್ಮ ಚಿಕ್ಕಮ್ಮ ಎದ್ಲು."